ನಾನು ಬಿಳಿ ಹಲ್ಲು ಕಟ್ಟಿಸಿಕೊಂಡಿದ್ದು

ನನ್ನ ಹಳೇ ಹಲ್ಲು ನೋಡೋಕೆ ಚೆನ್ನಾಗಿರಲಿಲ್ಲ. ಎಲೆ ಅಡಿಕೆ, ಕಡ್ಡಿಪುಡಿ ಹಾಕಿ ಹಾಕಿ ಕರ್ರಗಾಗಿದ್ದವು. ಮುಂದಿನವು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಮದುವೆ, ನಾಮಕರಣ ಅಂತ ಯಾರಾದರೂ ಫೋಟೋ ಹಿಡಿಯೋಕೆ ಬಂದರೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ನಮ್ಮನೆಯವರು ಮಾತ್ರ ಹಲ್ಲಿನ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವರಲ್ಲ. ಊಟ ಆದ ಮೇಲೆ ಎಲೆಗೆ ಸುಣ್ಣ ಹಚ್ಚಿ ಮಡಿಸಿ ಅವರಿಗೊಂದು ಕೊಟ್ಟು ನಾನೊಂದು ಹಾಕಿಕೊಳ್ಳುತ್ತಿದ್ದೆ. ಉತ್ತರಹಳ್ಳಿಯಲ್ಲಿ ಹೊಲ ಇದ್ದಾಗ ಬದುವಿನ ಮೇಲೆ ಕೂತು, ಹೊಲ ಸೈಟಾಗಿ ಮನೆ ಎದ್ದ ಮೇಲೆ ಜಗಲಿ ಮೇಲೆ ಕೂತು.

ಅವರಿಗೆ ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷ ಆಗಿತ್ತು. ಹೊಲ ಎಲ್ಲಿ ಅಂತ ಕೇಳುತ್ತಿದ್ದರು, ಮಗನನ್ನ ತಮ್ಮ ಅಂದುಕೊಳ್ಳುತ್ತಿದ್ದರು. ನನ್ನ ಗುರುತು ಇತ್ತು. ಆಗ ನನ್ನ ವಸಡಲ್ಲಿ ಕೀವಾಯಿತು. ಆಸ್ಪತ್ರೆಯಲ್ಲಿ ಎಲ್ಲ ಹಲ್ಲು ಕಿತ್ತರು. ಮಗಳು ಗಂಜಿ ಕುಡಿಸಿ ನೋಡಿಕೊಳ್ತೀನಿ ಅಂತ ಕುಮಾರಸ್ವಾಮಿ ಲೇಔಟಿನ ತನ್ನ ಮನೆಗೆ ಕರಕೊಂಡು ಹೋದಳು. ಅವರನ್ನ ಮಗ ಸೊಸೆ ನೋಡಿಕೊಂಡರು. ಜಾಗ ಬದಲಾದರೆ ಇನ್ನೂ ಗಾಬರಿಯಾಗ್ತಾರೆ ಅಂತ ಅವರನ್ನ ಕರಕೊಂಡು ಹೋಗಲಿಲ್ಲ. ಎರಡು ತಿಂಗಳು ನಾನು ಅವರ ಕಣ್ಣಿಗೆ ಬೀಳಲಿಲ್ಲ.

ಮಗಳ ಮನೆ ಹತ್ತಿರದ ಕ್ಲಿನಿಕ್ಕಿನ ಡಾಕ್ಟ್ರು ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಬಾಯಿಗೆ ಮೇಣ ತುರುಕಿ ಅಚ್ಚು ತೆಗೀತಾರೆ, ವಾಂತಿ ಬರುತ್ತೆ ಅಂತ ಪಕ್ಕದ ಮನೆಯವಳು ಹೆದರಿಸಿದ್ದಳು. ಅದೇನೂ ಇಲ್ಲ. ಆ ಹುಡುಗಿ ದಪ್ಪ ಪೆನ್ನಿನಂಥ ಕ್ಯಾಮರಾ ಬಾಯೊಳಗೆ ಆಡಿಸಿದಳು, ನನ್ನ ವಸಡು ಟಿವಿಯಲ್ಲಿ ಬಂತು. ಆಮೇಲೆ ಅದೇ ಟಿವಿಯಲ್ಲಿ ನನ್ನ ಮುಖ, ಅದರಲ್ಲಿ ಹೊಸ ಹಲ್ಲು. ಸ್ವಲ್ಪ ಹಳದಿ, ಸ್ವಲ್ಪ ಸೊಟ್ಟ ಮಾಡಿದರೆ ಈ ವಯಸ್ಸಿಗೆ ನಿಮ್ಮದೇ ಥರ ಕಾಣುತ್ತೆ ಅಂದಳು. ನಾನು ಬೇಡ ಅಂದೆ. ಅಚ್ಚ ಬಿಳೀದು ಬೇಕು, ಸಾಲಾಗಿ ಬೇಕು.

"ನಮ್ಮವ್ವ ಹೀರೋಯಿನ್ ಆಗ್ತಾಳಂತೆ, ಆಗಲಿ ಬಿಡಿ ಡಾಕ್ಟ್ರೇ" ಅಂತ ಮಗಳು ನಕ್ಕಳು.

ಹಲ್ಲಿನ ಸೆಟ್ಟು ಹಾಕಿಕೊಂಡು ನಮ್ಮ ಮನೆಗೆ ಬಂದೆ. ಜಗಲಿ ಮೇಲೆ ಕೂತಿದ್ದವರು ನನ್ನ ನೋಡಿ ಎದ್ದು ನಿಂತರು.

"ಬನ್ನಿ ತಾಯಿ. ನಮ್ಮವಳು ಮನೇಲಿಲ್ಲ. ಕೂತ್ಕೊಳಿ, ಬತ್ತಾಳೆ."

ತಮಾಷೆ ಅಂದುಕೊಂಡು ನಕ್ಕೆ. ನಕ್ಕಿದ್ದೇ ಕೆಟ್ಟದಾಯಿತು. ಹಲ್ಲು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಅವತ್ತಿಂದ ನಾನು ಬಡಿಸಿದ ಊಟ ಅವರು ಮುಟ್ಟಲಿಲ್ಲ. ಅವಳು ಬರಲಿ ಅಂತ ತಟ್ಟೆ ಮುಂದೆ ಕೂತಿರುತ್ತಿದ್ದರು. ಸೊಸೆ ಕೊಟ್ಟರೂ ಎರಡು ತುತ್ತು, ಅಷ್ಟೇ. ಎಲೆ ಮಡಿಸಿ ಕೊಟ್ಟೆ. ನಮ್ಮವಳು ಬಯ್ತಾಳೆ ಅಂತ ಪಕ್ಕಕ್ಕೆ ಇಟ್ಟರು. ಮೈ ಇಳಿದು ಪಂಚೆ ಸೊಂಟದಲ್ಲಿ ನಿಲ್ಲದ ಹಾಗಾಯಿತು.

ಮತ್ತೆ ಕ್ಲಿನಿಕ್ಕಿಗೆ ಹೋಗಿ ನನ್ನ ಹಳೇ ಹಲ್ಲಿನಂಥದ್ದೇ ಮಾಡಿಕೊಡು ಅಂದೆ. ಆ ಹುಡುಗಿ ನಗಲಿಲ್ಲ. ಮಾಡಬಹುದು ಅಜ್ಜಿ, ಹಲ್ಲು ಕಾಣೋ ಒಂದು ಫೋಟೋ ತನ್ನಿ ಅಂದಳು. ಮನೇಲಿದ್ದ ಆಲ್ಬಮ್ಮೆಲ್ಲ ತೆಗೆದೆವು, ಎಲ್ಲರ ಮೊಬೈಲೂ ಹುಡುಕಿದೆವು. ಒಂದರಲ್ಲೂ ನಾನು ಬಾಯಿ ಬಿಟ್ಟಿಲ್ಲ. ಹೋಗಲಿ, ಯಾವ ಹಲ್ಲು ಯಾವುದರ ಮೇಲಿತ್ತು, ಬಾಯಲ್ಲೇ ಹೇಳಿ ಅಂದಳು. ನನಗೆ ಗೊತ್ತಿರಲಿಲ್ಲ. ಕನ್ನಡಿ ಮುಂದೆ ನಿಂತು ಹಲ್ಲು ನೋಡಿಕೊಂಡವಳಲ್ಲ ನಾನು. ನೋಡಿದ್ದವರು ನಮ್ಮನೆಯವರೊಬ್ಬರೇ.

ಮನೆಗೆ ಬಂದು ಸೆಟ್ಟು ತೆಗೆದು ಲೋಟದ ನೀರಿಗೆ ಹಾಕಿದೆ. ಅನ್ನಕ್ಕೆ ಬಸ್ಸಾರು ಕಲೆಸಿಕೊಂಡು ಅವರ ಮುಂದೆ ಕೂತೆ. ಬಹಳ ಹೊತ್ತು ಮುಖ ನೋಡಿದರು.

"ಅವ್ವ," ಅಂದರು.

ಕೆನ್ನೆ ಒಳಕ್ಕೆ ಹೋದ ಮೇಲೆ ನಾನು ನಮ್ಮತ್ತೆ ಹಾಗೆ ಕಾಣುತ್ತೀನಿ ಅಂತ ಅವತ್ತು ಗೊತ್ತಾಯಿತು. ಬಾಯಿ ತೆರೆದರು. ತಟ್ಟೆ ಖಾಲಿ ಮಾಡಿದರು. ಸೊಸೆ ಬಾಗಿಲಲ್ಲಿ ನಿಂತು ಅತ್ತಳು. ನನಗೆ ಅಳೋಕೆ ಪುರಸೊತ್ತಿರಲಿಲ್ಲ, ಇನ್ನೊಂದು ಸಲ ಅನ್ನ ಬಡಿಸಿಕೊಂಡು ಬಂದೆ.

ಅವರು ಹೋಗೋವರೆಗೆ, ಏಳು ತಿಂಗಳು, ಅವರ ಊಟದ ಹೊತ್ತಿಗೆ ಹಲ್ಲು ತೆಗೆದಿಡುತ್ತಿದ್ದೆ. ಕಂಪ್ಯೂಟರಲ್ಲಿ ಮಾಡಿದ ಈ ಹಲ್ಲೇ ಅಪ್ಪನ್ನ ಹಾಳು ಮಾಡಿತು ಅಂತ ಮಗ ಅನ್ನುತ್ತಾನೆ. ಮಗಳು ಕಾಯಿಲೆ ಅನ್ನುತ್ತಾಳೆ. ಕಾಯಿಲೆಯೇ ಇರಬಹುದು, ನಾನು ಎರಡು ತಿಂಗಳು ದೂರ ಇದ್ದಿದ್ದೂ ಇರಬಹುದು. ಆ ಹುಡುಗಿ ಕೇಳಿಯೇ ಮಾಡಿದ್ದಳು, ಬಿಳೀದು ಬೇಕು ಅಂದವಳು ನಾನು. ಈಗಲೂ ಅದರಲ್ಲೇ ಚಕ್ಕುಲಿ ಕಡಿದು ತಿನ್ನುತ್ತೀನಿ. ಒಳ್ಳೆ ಹಲ್ಲು.

ಕೊನೆ ವಾರದಲ್ಲಿ ಒಂದು ಮಧ್ಯಾಹ್ನ ಉಣ್ಣುತ್ತಾ ಉಣ್ಣುತ್ತಾ ನಿಲ್ಲಿಸಿದರು.

"ಅವ್ವ, ಅವಳು ಯಾಕೋ ಬರಲೇ ಇಲ್ಲ. ನಾನೇನಾದ್ರೂ ಅಂದ್ನಾ?"

"ನೀನೇನೂ ಅಂದಿಲ್ಲ ಕಣಪ್ಪ. ಉಣ್ಣು."

ಉಂಡರು.