ದ್ಯಾಮವ್ವನ ಮಡಿಲಿನ ಅಳತೆ

ಬೆಳಗ್ಗೆ ಏಳೂವರೆಗೆ ಬಸವನ ಬಾಗೇವಾಡಿಯಲ್ಲಿ ಸಿಂದಗಿ ಬಸ್ಸು ಹತ್ತಿದೆ. ಆಧಾರ್ ತೋರಿಸಿದಾಗ ಕಂಡಕ್ಟರ್ ಹೆಂಗಸರಿಗಿರುವ ಉಚಿತ ಪ್ರಯಾಣದ ಶೂನ್ಯ ಟಿಕೆಟ್ ಕೊಟ್ಟರು. ಚಿತ್ರದ ಹಾಳೆ ಸುತ್ತಿಟ್ಟ ಉದ್ದನೆಯ ಕೊಳವೆ ನೋಡಿ, "ಅಕ್ಕಾರ, ಇದರ ಆಧಾರ್ ಎಲ್ಲೈತ್ರಿ?" ಎಂದು ನಕ್ಕರು. ಸಿಂದಗಿಯಲ್ಲಿ ಮಿರ್ಚಿ ಭಜಿ, ಚಹಾ ಮುಗಿಸಿ ಮೋರಟಗಿ ಕಡೆಯ ಬಸ್ಸು ಹಿಡಿದೆ. ಹಳ್ಳಿಯ ಅಗಸಿ ಬಾಗಿಲ ಮುಂದೆ ಇಳಿದಾಗ ಹನ್ನೊಂದು; ಬಿಸಿಲು ಚುರುಗುಟ್ಟುತ್ತಿತ್ತು.

ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಆ ಊರಿನ ಗ್ರಾಮದೇವತೆ ದ್ಯಾಮವ್ವನ ಹಳೆಯ ಕಲ್ಲಿನ ಮೂರ್ತಿಯ ಎಡಗೈ ಮುರಿದಿದ್ದರಿಂದ ಹೊಸ ಮೂರ್ತಿ ಮಾಡಿಸುತ್ತಿದ್ದರು. ಶಿಲ್ಪಿಗೆ ಬೇಕಾದ ಚಿತ್ರವನ್ನು ಫೋಟೋ ನೋಡಿ ನಾನು ಬರೆದಿದ್ದೆ. ಶಾಸ್ತ್ರದಂತೆ ಮುಖದ ಉದ್ದವನ್ನೇ ಅಳತೆಗೋಲು ಮಾಡಿ, ಕೂತ ದೇವಿಯ ತೊಡೆ ಸಪೂರ ಮಾಡಿ, ಮುರಿದ ಕೈಗೆ ಕಮಲ ಕೊಟ್ಟಿದ್ದೆ. ಮರುದಿನವೇ ಹೊಸ ಕಲ್ಲಿಗೆ ಉಳಿ ಬೀಳುವುದಿತ್ತು. ಅದಕ್ಕೆ ಮುಂಚೆ ಒಮ್ಮೆ ಹಳೆಯ ಮೂರ್ತಿಯ ಜೊತೆ ತಾಳೆ ನೋಡಬೇಕಿತ್ತು.

ಗುಡಿಯಲ್ಲಿ ಶಾಂತವ್ವ ಇದ್ದರು. ದಿನವೂ ದೇವಿಯನ್ನು ತೊಳೆದು ಎಣ್ಣೆ ಹಚ್ಚುವ ಮುದುಕಿ. ಹಾಳೆ ಬಿಚ್ಚಿದೆ, ಬಹಳ ಹೊತ್ತು ನೋಡಿದರು.

"ಚಂದ ಅದಾಳ್ರಿ ಅಕ್ಕೋರ. ಆದ್ರ ಈಕಿ ಹೂ ಹಿಡಕೊಂಡು ಯಾರದೋ ಮದವಿಗೆ ಹೊಂಟಂಗ ಕಾಣ್ತಾಳ. ಕೂಸು ಎಲ್ಲಿ ಮಲಗಿಸೂದು?"

"ಯಾವ ಕೂಸು, ಆಯಿ?"

ನನ್ನ ಬೆರಳು ಹಿಡಿದು ಕಲ್ಲಿನ ಎಡತೊಡೆಯ ಮೇಲಿಟ್ಟರು. ಸೀರೆಯ ನೆರಿಗೆಯೆಂದು ನಾನು ಬರೆದಿದ್ದ ಉಬ್ಬು ಅದು. ಎಣ್ಣೆಯ ಕೆಳಗೆ ಒಂದು ಪುಟ್ಟ ಪಾದ, ಅದರ ಎರಡು ಬೆರಳು ಕೈಗೆ ಸಿಕ್ಕವು. ಮಡಿಲಲ್ಲಿ ಮಗುವಿರುವ ಮಾತೃಕೆಯರನ್ನು ಎಷ್ಟು ಗುಡಿಗಳಲ್ಲಿ ನೋಡಿದ್ದೇನೆ! ಆದರೂ ಹೊಳೆದಿರಲಿಲ್ಲ. ಮುರಿದ ಕೈ ಹಿಡಿದಿದ್ದದ್ದು ಕಮಲವನ್ನಲ್ಲ, ಮಗುವನ್ನು.

"ಉಳಿದದ್ದು ಏನಾತು?"

"ಸವದೈತ್ರಿ. ಈ ಊರಾಗ ಹುಟ್ಟಿದ ಕೂಸೆಲ್ಲಾ ಮೊದಲ ಇಲ್ಲೇ ಮಲಗಬೇಕು. ನಾನೂ ಮಲಗೇನಿ, ನನ್ನ ಮಗಳೂ ಮಲಗ್ಯಾಳ. ಮೊಮ್ಮಗಳ ಕೂಸು ಬರೂ ತಿಂಗಳ ಬರ್ತೈತಿ." ದನಿ ತಗ್ಗಿತು. "ನಿಮ್ಮಾಕಿಗೆ ಮಡಿಲ ಇಲ್ರಿ."

"ಹಂಗಾದ್ರ ಕಲ್ಲಿನ ಕೂಸು ತಿರುಗಿ ಬರೀತೇನಿ."

"ಬ್ಯಾಡ್ರಿ ಯವ್ವಾ! ಅದು ಸವದು ಹೋಗೂತನಕಾ ನಮ್ಮವನ್ನ ಎಲ್ಲಿ ಹಾಕೂಣು?"

ಶಾಂತವ್ವ ಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ಕಟ್ಟೆಯ ಮೇಲೆ ಕೂತು ಕಮಲ ಅಳಿಸಿದೆ. ಕೈಯನ್ನು ತೊಡೆಯತ್ತ ಇಳಿಸಿದೆ. ಮಡಿಲ ಅಗಲಕ್ಕೆ ಶಾಂತವ್ವ ಮೊಣಕೈ ಊರಿ ಬೆರಳ ತುದಿಯವರೆಗೆ ತೋರಿಸಿದರು. ಅಷ್ಟೇ ಬರೆದು, ಚಿತ್ರದ ಫೋಟೋ ಶಿಲ್ಪಿಗೆ ಕಳಿಸಿ, ನಾಲ್ಕರ ಬಸ್ಸು ಹತ್ತಿದೆ.

ಸಿಂದಗಿ ದಾಟುವಾಗ ಶಿಲ್ಪಿಯ ಫೋನು.

"ಟೀಚರ್, ತೊಡಿ ಲೆಕ್ಕಾ ಮೀರೈತಲ್ರಿ. ಇದು ಯಾವ ಶಾಸ್ತ್ರ?"

ನಡೆದದ್ದು ಹೇಳಿದೆ. "ಕಲ್ಲು ಸಾಲ್ತೈತೇನ್ರಿ?" ಎಂದು ಕೇಳಿದೆ.

"ತಡೀರಿ." ಅತ್ತ ಟೇಪು ಎಳೆದ ಸದ್ದು.

"ಸಾಲ್ತೈತ್ರಿ," ಎಂದರು. "ಮಡಿಲ ಅಂಚಿನ್ಯಾಗ ಎರಡು ಬೆರಳು ಎತ್ತರಾ ಬಿಡ್ತೇನಿ. ಕೂಸು ಮಗ್ಗಲಾ ಹೊಳ್ಳಿದ್ರೂ ಬೀಳಂಗಿಲ್ಲ."