ಸೂಜಿಯಕ್ಕನಿಗೆ ಸಿಕ್ಕಿದ್ದು ಒಂದೇ ಸಂಜೆ

"ಆಕೆ ಒಂದು ಮಾತು ಕೇಳಬಹುದಿತ್ತಲ್ವಾ ಸಾರ್?" ಎಂದು ಪ್ರಚಾರ ವಿಭಾಗದ ಮ್ಯಾನೇಜರು ಡೈರೆಕ್ಟರ ಮುಂದೆ ಕೈಚೆಲ್ಲಿದರು. ವಿಡಿಯೊ ಹೇಗಿರಬೇಕೆಂದು ತಾವು ಬರೆದು ಕಳಿಸಿದ್ದ ಬ್ರೀಫ್ ಎಷ್ಟು ಅಚ್ಚುಕಟ್ಟಾಗಿತ್ತೆಂದು ತೋರಿಸಲು ಫೋನನ್ನು ಗೋಡೆಯ ಪರದೆಗೆ ಜೋಡಿಸಿಯೂ ಆಗಿತ್ತು. ಆದರೆ ಗಡಿಬಿಡಿಯ ಬೆರಳು ಬ್ರೀಫಿನ ಮೇಲೆ ಬೀಳದೆ, ಅದರ ಕೆಳಗೆ ಯಾರೂ ಕೇಳದೆ ಬಿದ್ದಿದ್ದ ಧ್ವನಿಸಂದೇಶದ ಮೇಲೆ ಬಿತ್ತು. ಮೀಟಿಂಗ್ ಕೋಣೆಯ ತುಂಬ ಹೆಂಗಸೊಬ್ಬರ ದನಿ ಮೊಳಗಿತು:

"ಸಾರ್, ಒಂದು ಮಾತು ಕೇಳ್ಬೇಕಿತ್ತು. ಇದನ್ನ ಹಾಗೇ ಸುರಿಯೋದಾ, ನೀರು ಬೆರೆಸೋದಾ? ನೀವು ಕಳಿಸಿದ ಸ್ಯಾಂಪಲ್ ಬಾಟ್ಲಿ ಮೇಲೆ ಏನೂ ಬರೆದಿಲ್ಲ. ಇನ್ನೊಂದೆರಡು ದಿನ ಕೊಟ್ರೆ ಬಟ್ಟೆ ಒಣಗಿಸಿ ನೋಡಿ ವಿಡಿಯೊ ಮಾಡ್ತೀನಿ. ನೀವೇನೂ ಹೇಳ್ಲಿಲ್ಲ ಅಂದ್ರೆ ಹಾಗೇ ಸುರೀಬೇಕು ಅಂದ್ಕೋತೀನಿ. ಊಟ ಆಯ್ತಾ ಸಾರ್?"

ಡೈರೆಕ್ಟರು ಕನ್ನಡಕ ತೆಗೆದು ಕೇಳಿದರು: "ಊಟ ಆಗಿತ್ತೇನ್ರೀ?"

"ಆಗಿತ್ತು ಸಾರ್," ಎಂದುಬಿಟ್ಟು ಮ್ಯಾನೇಜರು ನಾಲಿಗೆ ಕಚ್ಚಿಕೊಂಡರು.

ದನಿ ಸೂಜಿಯಕ್ಕನದು. ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಹರಿದದ್ದು ಹೊಲಿಯುವುದು, ಸಡಿಲಾದದ್ದು ಬಿಗಿ ಮಾಡುವುದು ಅವರ ಕಸುಬು. ಗುಂಡಿ ಹೊಲಿಯುವುದು ಹೇಗೆಂದು ಯಾರೋ ಕೇಳಿದಾಗ, ಬಾಯಲ್ಲಿ ಹೇಳಿ ಸುಸ್ತಾಗಿ, ದಾರದ ಉಂಡೆಗೆ ಫೋನು ಆನಿಸಿ ಒಂದು ವಿಡಿಯೊ ಮಾಡಿದ್ದರು. ಅಲ್ಲಿಂದ ಶುರುವಾದದ್ದು ಊರೂರಿಗೆ ಹಬ್ಬಿತು. ಕಂಪನಿಗಳ ಭಾಷೆಯಲ್ಲಿ ಅವರೀಗ ಇನ್‌ಫ್ಲುಯೆನ್ಸರ್. ಹಾಗೆಂದರೆ ಏನು ಅಂತ ಅವರ ಗಂಡ ಕೇಳಿದ್ದಕ್ಕೆ, "ದುಡ್ಡಿಲ್ಲದೆ ಸಲಹೆ ಕೊಡ್ತಿದ್ನಲ್ಲ, ಅದಕ್ಕೇ ಈಗ ಹೆಸರಿಟ್ಟಿದ್ದಾರೆ" ಎಂದಿದ್ದರಂತೆ. ಅವರದೊಂದು ಹಟವಿತ್ತು. ಯಾವುದೇ ಸಾಮಾನನ್ನು ಮೊದಲು ಸ್ವಂತ ಬಟ್ಟೆಯ ಮೇಲೆ ಹಾಕಿ, ಒಗೆದು, ಒಣಗಿಸಿ, ಉಟ್ಟು ನೋಡಿದ ಮೇಲೇ ಬಾಯಿಬಿಡುವುದು. ಜನ ನಂಬಿದ್ದು ಆ ಹಟವನ್ನು.

ಈ ಕಂಪನಿಯ ಕಲೆ ತೆಗೆಯುವ ಹೊಸ ದ್ರವಕ್ಕೆ ಮಾತ್ರ ಆ ಹಟ ನಡೆಯಲಿಲ್ಲ. ಬಾಟಲಿಯ ಮುಚ್ಚಳ ನೀಲಿಯೋ ಹಸಿರೋ ಎಂದು ಕಚೇರಿಯವರು ವಾರಗಟ್ಟಲೆ ಕಚ್ಚಾಡಿದರು. ಉಳಿದ ಒಂದು ಸಂಜೆಯನ್ನು ಸೂಜಿಯಕ್ಕನಿಗೆ ದಯಪಾಲಿಸಿದರು. ಬ್ರೀಫಿನಲ್ಲಿ ಮ್ಯಾನೇಜರು ಬರೆದದ್ದು ಇಷ್ಟು: 'ಸಹಜವಾಗಿರಲಿ, ಆದರೆ ಎದ್ದು ಕಾಣಲಿ. ನಿಮ್ಮ ಶೈಲಿಯಲ್ಲಿರಲಿ, ಆದರೆ ನಮ್ಮ ಶೈಲಿಯಂತಿರಲಿ. ಬೆಳಗ್ಗೆ ಬೇಕೇ ಬೇಕು.' ಪ್ರಯೋಗಾಲಯದವರು ಕೊಟ್ಟಿದ್ದ 'ತಪ್ಪದೆ ನೀರು ಬೆರೆಸಿ' ಎಂಬ ಸಾಲನ್ನು ಬ್ರೀಫಿನಿಂದ ಅವರೇ ತಮ್ಮ ಕೈಯಾರೆ ಅಳಿಸಿದ್ದರು. ಅದಿದ್ದರೆ ನೊರೆಯ ಚಿತ್ರಕ್ಕೆ ಜಾಗ ಸಾಲುತ್ತಿರಲಿಲ್ಲ.

ಸೂಜಿಯಕ್ಕ ದ್ರವವನ್ನು ಹಾಗೇ ಸುರಿದರು. ಕಲೆ ಮಾಯವಾಯಿತು, ವಿಡಿಯೊ ಹೊರಟಿತು. ಬಟ್ಟೆ ಒಣಗಿದ ಮೇಲೆ ಆ ಜಾಗದ ಬಣ್ಣವೂ ಮಾಯವಾಗಿತ್ತು. ಅವರು ಕೂಡಲೇ ವಿಡಿಯೊ ಅಳಿಸಿಹಾಕಿದರೂ, ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಸುರಿದಾಗಿತ್ತು. ಅಂಗಡಿಯಿಂದ ತಂದ ಬಾಟಲಿಯ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ನೀರಿನ ವಿಷಯ ಇತ್ತು, ನಿಜ. ಅಕ್ಕ ತೋರಿಸಿದ ಮೇಲೆ ಇರುವೆಯನ್ನು ಯಾರು ಕೇಳುತ್ತಾರೆ?

"ತಪ್ಪು ನಂದೇ ಅಂತ ಆಕೆ ಒಂದು ವಿಡಿಯೊ ಮಾಡ್ಲಿ," ಎಂದು ಡೈರೆಕ್ಟರು ಮೀಟಿಂಗ್ ಮುಗಿಸಿ ಎದ್ದರು. "ಬೆಳಗ್ಗೆ ಬೇಕು."

ಮ್ಯಾನೇಜರು ಆ ಬ್ರೀಫನ್ನೂ ಬರೆದರು. ಜೇಬಲ್ಲಿಟ್ಟುಕೊಂಡು ಮನೆಗೆ ಬಂದರೆ, ಹೆಂಡತಿ ಅವರ ನೀಲಿ ಶರ್ಟನ್ನು ಮುಖದೆದುರು ಹಿಡಿದಳು. ಎದೆಯ ಮೇಲೆ ತಟ್ಟೆಯಗಲದ ಬಿಳಿ ಮಚ್ಚೆ.

"ಅದ್ಯಾವ ಪುಣ್ಯಾತ್ಮನ ಕಂಪನೀನೋ! ಪಾಪ, ಅಕ್ಕಂಗೂ ಸರಿಯಾಗಿ ಹೇಳಿಲ್ವಂತೆ."

"ನಮ್ಮದೇ," ಎಂದರು ಮ್ಯಾನೇಜರು ಸಣ್ಣಗೆ.

ಹೆಂಡತಿ ಶರ್ಟನ್ನು ಅವರ ಕೈಗಿಟ್ಟಳು. "ಹಾಗಾದ್ರೆ ನೀವೇ ತಗೊಂಡು ಹೋಗಿ. ಅಕ್ಕ ಸರಿಮಾಡಿ ಕೊಡ್ತಿದ್ದಾರಂತೆ."

ಮೆಟ್ಟಿಲ ಕೆಳಗೆ ಸರದಿ ನಿಂತಿತ್ತು. ಪ್ರತಿಯೊಬ್ಬರ ಕಂಕುಳಲ್ಲೂ ಬಿಳಿ ಮಚ್ಚೆಯ ಒಂದೊಂದು ಬಟ್ಟೆ. ಮ್ಯಾನೇಜರು ಶರ್ಟನ್ನು ಮಚ್ಚೆ ಕಾಣದಂತೆ ಮಡಿಚಿ ಹಿಡಿದು, ತಪ್ಪು ಮಾಡಿದ ಹುಡುಗನಂತೆ ಕೊನೆಯಲ್ಲಿ ನಿಂತರು. ಸೂಜಿಯಕ್ಕ ಮಚ್ಚೆಗಳ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಎಲೆಯಂತೆ ಕತ್ತರಿಸಿ ಹೊಲಿಯುತ್ತಿದ್ದರು. ಆ ತುಂಡುಗಳೆಲ್ಲ ಅವರ ಸ್ವಂತ ಬಟ್ಟೆಗಳದು. ವಿಡಿಯೊಗಳಲ್ಲಿ ನೋಡಿದ್ದ ಕುಂಕುಮ ಬಣ್ಣದ ರವಿಕೆ, ಹೂವಿನ ಲಂಗ ಎಲ್ಲವೂ ಮ್ಯಾನೇಜರಿಗೆ ಗುರುತು ಸಿಕ್ಕವು.

"ಇನ್ಮೇಲೆ ನಿಮ್ಮ ಮಾತು ಕೇಳಲ್ಲಮ್ಮ," ಎಂದು ಮುಂದಿದ್ದ ಅಜ್ಜಿಯೊಬ್ಬರು ಮುಖ ಗಂಟಿಕ್ಕಿ ಬಟ್ಟೆ ಈಸಿಕೊಂಡು ಹೋದರು. ಸೂಜಿಯಕ್ಕ ತಲೆ ಎತ್ತಲಿಲ್ಲ. ಸೂಜಿ ಮಾತ್ರ ಒಂದು ಹೊಲಿಗೆ ತಪ್ಪಿತು.

ಅದನ್ನು ಕಂಡ ಮ್ಯಾನೇಜರ ಜೇಬಿನ ಬ್ರೀಫ್ ಕೆಂಡದಂತೆ ಸುಟ್ಟಿತು. ಸರದಿ ಬಂದಾಗ ಅವರು ಶರ್ಟಿನ ಜೊತೆ ತಮ್ಮ ಗುರುತನ್ನೂ ಒಪ್ಪಿಸಿದರು.

"ನೀವಾ ಸಾರ್? ನಾನು ಮೆಸೇಜ್ ಕಳಿಸಿದ್ದೆ."

"ಕೇಳಿದೆ ಅಕ್ಕ. ಇವತ್ತು."

ಸೂಜಿಯಕ್ಕ ಬೈಯಲಿಲ್ಲ. ಬೈದಿದ್ದರೆ ಮ್ಯಾನೇಜರಿಗೆ ಎಷ್ಟೋ ಹಗುರಾಗುತ್ತಿತ್ತು. ಸುಮ್ಮನೆ ಸ್ಟೂಲು ಸರಿಸಿಕೊಟ್ಟರು.

ಮ್ಯಾನೇಜರು ಜೇಬಿಗೆ ಕೈಹಾಕಿ, ಹಾಗೇ ಹಿಂದೆ ತೆಗೆದರು. ಅಳತೆಯ ಕಂದು ಕಾಗದ ಎಳೆದುಕೊಂಡು, ಗುರುತು ಹಾಕುವ ಸೀಮೆಸುಣ್ಣದಿಂದ ದಪ್ಪಗೆ ಬರೆದರು: 'ಒಂದು ಮುಚ್ಚಳ ದ್ರವಕ್ಕೆ ಅರ್ಧ ಬಕೆಟ್ ನೀರು. ಈ ಸಾಲನ್ನು ಬಿಟ್ಟದ್ದು ಕಂಪನಿಯವರು. ಅಕ್ಕ ಕೇಳಿದ್ದರು, ನಾವು ಉತ್ತರ ಕೊಡಲಿಲ್ಲ. ವಿಡಿಯೊಗೆ ಸಮಯ: ಅಕ್ಕ ಹೇಳಿದಷ್ಟು.'

"ಇದನ್ನ ಹೀಗೇ ಓದಿ. ಬೇಕಾದ್ರೆ ನಾನೂ ಪಕ್ಕದಲ್ಲಿ ನಿಲ್ತೀನಿ. ಡೈರೆಕ್ಟರಿಗೆ ನಾನು ಹೇಳ್ಕೋತೀನಿ," ಎಂದರು.

ಸೂಜಿಯಕ್ಕ ಎರಡೆರಡು ಸಲ ಓದಿ, ಕಾಗದವನ್ನು ಮೆಷಿನ್ನಿನ ಮೇಲಿನ ಮೊಳೆಗೆ ಸಿಕ್ಕಿಸಿದರು.

"ಹಾಗಾದ್ರೆ ಈ ಸಲ," ಮ್ಯಾನೇಜರು ತಲೆ ತಗ್ಗಿಸಿಯೇ ಕೇಳಿದರು, "ಮೊದಲಿನ ಹಾಗೆ ನಿಮ್ಮ ಬಟ್ಟೆ ಮೇಲೆ ಹಾಕಿ, ಒಣಗಿಸಿ ನೋಡಿ ಆಮೇಲೇ ವಿಡಿಯೊ ಮಾಡ್ತೀರಾ ಅಕ್ಕ?"

ಸೂಜಿಯಕ್ಕ ಹಲ್ಲಿನಲ್ಲಿ ದಾರ ಕಡಿದರು.

"ನನ್ನ ಬಟ್ಟೆ ಮುಗೀತು ಸಾರ್. ನಿಮ್ಮ ಮೈಮೇಲಿರೋ ಶರ್ಟ್ ಬಿಚ್ಚಿ ಕೊಡಿ."