ಬೇಟೆ ಪರದೆಯ ರಫು

ರಫು ಅಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯಲ್ಲಿದ್ದಿದ್ದರೆ ಎಂದಾದರೂ ಒಂದು ದಿನ ಜಾರಿ ಬಿದ್ದು ಹೋಗುತ್ತಿತ್ತು. ಆಕೆಯ ಸಿಟ್ಟು ಮೈತುಂಬ ಇತ್ತು, ಎಪ್ಪತ್ತೊಂದು ವರ್ಷಕ್ಕೂ ಅಷ್ಟೇ ಗಟ್ಟಿಯಾಗಿತ್ತು.

ಹರಿದಲ್ಲಿಗೆ ತೇಪೆ ಹಾಕುವವರು ಬೇರೆ, ರಫು ಮಾಡುವವರು ಬೇರೆ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ತೂತು ಬಿದ್ದ ಕಡೆ ಬರೀ ಸೂಜಿಯಿಂದ ಹಾಸು ಹೊಕ್ಕು ನೇಯ್ದು ತುಂಬುವುದು ರಫು. ಅದನ್ನು ಆಕೆ ಒಂಬತ್ತನೆಯ ವಯಸ್ಸಿಗೆ ಅಪ್ಪನ ಮಗ್ಗುಲಲ್ಲಿ ಕೂತು ಕಲಿತವಳು. ಮಾಡಿದ ಕೆಲಸ ಕಾಣಬಾರದು. ಕಂಡರೆ ಅದು ಕೆಲಸವೇ ಅಲ್ಲ. ಒಮ್ಮೆ ಒಬ್ಬ ವಕೀಲ ತನ್ನ ಕೋಟನ್ನು ಬೆಳಕಿಗೆ ಹಿಡಿದು "ರಫು ಬಹಳ ಚೆನ್ನಾಗಿ ಕಾಣ್ತಿದೆ ಅಮ್ಮ" ಎಂದು ಹೊಗಳಿಬಿಟ್ಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವತ್ತಿನಿಂದ ಆ ಮನುಷ್ಯನ ಒಂದು ಕರವಸ್ತ್ರವನ್ನೂ ಆಕೆ ಮುಟ್ಟಲಿಲ್ಲ.

ಅರಮನೆಯ ಕೆಲಸ ಬಂದಾಗ ಆಕೆಗೆ ಮೂವತ್ತೊಂದು. ಕೋಣೆಯ ಎತ್ತರದ ರೇಷ್ಮೆ ಪರದೆ. ಅದರ ತುಂಬ ಬೇಟೆಯ ಚಿತ್ರ. ಕುದುರೆಯ ಮೇಲೆ ರಾಜ, ಅವನ ಹಿಂದೆ ನಾಯಿಗಳು, ಎಲ್ಲರ ಮುಂದೆ ಓಡುತ್ತಿರುವ ಜಿಂಕೆ. ಇಲಿಗಳು ರಾಜನನ್ನು ಬಿಟ್ಟು ಜಿಂಕೆಯ ಎರಡು ಮುಂಗಾಲನ್ನೂ ತಿಂದುಹಾಕಿದ್ದವು. ಅಡುಗೆಮನೆಯ ಹಿಂಬಾಗಿಲಿನಿಂದ ಒಳಗೆ ಹೋಗಿ, ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಕೂತು ಆಕೆ ಎರಡು ವರ್ಷ ಆ ಕಾಲುಗಳನ್ನು ನೇಯ್ದಳು. ಗಂಟು ಹಾಕಲಿಲ್ಲ, ಗಂಟು ಹಾಕಿದರೆ ಉಬ್ಬು ಕಾಣುತ್ತದೆ. ಎಳೆಗಳ ಕೊನೆಯನ್ನು ಹಿಂದೆ ಹಾಗೇ ಬಿಟ್ಟಳು. ಮುಗಿದ ಮೇಲೆ ಅರಮನೆಯ ಪಾರುಪತ್ತೇಗಾರ ಭೂತಗನ್ನಡಿ ಹಿಡಿದು ಅರ್ಧ ಗಂಟೆ ಹುಡುಕಿದ. ಸಿಗಲಿಲ್ಲ. ಸೋತು, ದಪ್ಪ ಪುಸ್ತಕ ತೆರೆದು, ದುರಸ್ತಿಯ ವಿವರ ಬರೆಯಲು ಕೂತ.

"ಏನ್ ಬರೀತಿದ್ದೀರಿ?" ಎಂದಳು ರಫು ಅಮ್ಮ.

"ನೀನು ಮಾಡಿದ ಕೆಲಸಾನೇ."

"ಕಂಡಿದ್ರೆ ಬರ್ಕೊಳ್ಳಿ. ಕಾಣದೇ ಇರೋದನ್ನ ಏನಂತ ಬರೀತೀರಿ?"

ಪಾರುಪತ್ತೇಗಾರ ನಕ್ಕು ಪುಸ್ತಕ ಮುಚ್ಚಿದ. "ಇದನ್ನ ಹಾಸಿ ಇಡಿ, ಯಾವತ್ತೂ ನೇತು ಹಾಕಬೇಡಿ. ಕೆಳಗಿನ ಭಾರ ರಫು ತಡ್ಕೊಳ್ಳಲ್ಲ" ಎಂದು ಆಕೆ ಹೇಳಿದ್ದಕ್ಕೆ ತಲೆಯಾಡಿಸಿದ. ಆಮೇಲೆ ಅವನೂ ಹೋದ, ರಾಜಮನೆತನದವರೂ ಅರಮನೆ ಬಿಟ್ಟು ಹೋದರು.

ಅದೇ ಅರಮನೆ ಈಗ ಕಲಾ ಸಂಗ್ರಹಾಲಯವಾಗಿದೆ ಎಂದು ಸುದ್ದಿ ತಂದವಳು ಸೊಸೆ. ಬಸ್ ಕಂಡಕ್ಟರ್. ವಾರದ ರಜೆಯ ದಿನ ಅತ್ತೆಯನ್ನು ಹೊರಡಿಸಿಕೊಂಡು, ಬಾಗಿಲಲ್ಲಿ ಎರಡು ಟಿಕೆಟ್ ಕೊಂಡು, ಅಭ್ಯಾಸಬಲದಿಂದ ತಾನೇ ಮೂಲೆ ಹರಿದು ಕಾವಲಿನವನ ಕೈಗೆ ಕೊಟ್ಟಳು. ರಫು ಅಮ್ಮ ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಹೆಜ್ಜೆ ಇಟ್ಟಳು. ಆಗಲೇ ಅರ್ಧ ಸಿಟ್ಟು ಬಂದಿತ್ತು. ಎರಡು ವರ್ಷ ಬಂದು ಹೋದ ಮನೆಯಲ್ಲಿ ಇಷ್ಟು ದೊಡ್ಡ ಬಾಗಿಲಿತ್ತೆಂದು ಆಕೆಗೆ ಗೊತ್ತೇ ಇರಲಿಲ್ಲ.

"ಅತ್ತೆ, ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಳ್ಳಿ. ನೋಡಿ ಬರೋಣ, ಅಷ್ಟೇ."

"ನಾನೇನ್ ಮಾತಾಡಿದ್ನೇ?"

ಮಹಡಿಯ ದೊಡ್ಡ ಹಜಾರದ ಬಾಗಿಲಲ್ಲೇ ರಫು ಅಮ್ಮ ನಿಂತುಬಿಟ್ಟಳು. ಆಕೆಯ ಕಣ್ಣಿಗೆ ದೂರದ್ದು ಈಗಲೂ ಚೆನ್ನಾಗಿ ಕಾಣುತ್ತದೆ. ಹತ್ತಿರದ್ದು ನಾಲ್ಕು ವರ್ಷದಿಂದ ಮಸುಕು. ಎದುರಿನ ಗೋಡೆಯ ಮೇಲೆ ಬೇಟೆ ಪರದೆ. ಮೇಲಂಚಿಗೆ ಕಬ್ಬಿಣದ ಪಟ್ಟಿ ಕೊಟ್ಟು ಉದ್ದಕ್ಕೂ ನೇತು ಹಾಕಿದ್ದರು. ಜಿಂಕೆಯ ಎದೆಯ ಕೆಳಗೆ ರೇಷ್ಮೆ ಜೋತು ಬಿದ್ದಿತ್ತು. ಬೇರೆ ಯಾರಿಗೂ ಅದು ಕಾಣುವಂಥದ್ದಲ್ಲ. ನೇಯ್ದವಳಿಗೆ ಕಂಡಿತು. ಒಂದೊಂದು ಎಳೆಯೂ ಹಿಂಜುತ್ತಿದೆ, ಹಳೆಯ ರೇಷ್ಮೆಯನ್ನೂ ಜೊತೆಗೆ ಸೀಳುತ್ತಿದೆ. ಇನ್ನು ಕೆಲವೇ ದಿನ, ಪರದೆ ಮೇಲಿಂದ ಕೆಳಗಿನವರೆಗೆ ಎರಡು ಹೋಳಾಗುತ್ತದೆ.

"ಅಲ್ಲಿ ಏನೋ ಬರೆದಿದೆಯಲ್ಲ, ಓದು."

ಸೊಸೆ ಪರದೆಯ ಪಕ್ಕದ ಫಲಕದ ಹತ್ತಿರ ಹೋಗಿ ಓದಿದಳು. "ಇಷ್ಟು ವರ್ಷವಾದರೂ ಈ ಪರದೆ ಎಲ್ಲಿಯೂ ಹರಿಯದೆ, ಯಾವ ದುರಸ್ತಿಯನ್ನೂ ಕಾಣದೆ, ನೇಯ್ದಾಗ ಇದ್ದ ಹಾಗೆಯೇ ಉಳಿದುಬಂದಿರುವುದು ಅಪರೂಪ."

ರಫು ಅಮ್ಮನ ಮೈಯೆಲ್ಲ ಉರಿದುಹೋಯಿತು. "ಯಾರ್ರೀ ಇದನ್ನ ನೇತು ಹಾಕಿದ್ದು?" ಎಂದು ಕೂಗಿದ ಕೂಗಿಗೆ ಹಜಾರದಲ್ಲಿದ್ದ ಜನವೆಲ್ಲ ತಿರುಗಿದರು. ಕಾವಲಿನವನು ಓಡಿ ಬಂದ. ಅವನಿಗೆ ಹೇಳಿ ಪ್ರಯೋಜನವಿಲ್ಲ ಎಂದು ಸಂಗ್ರಹಾಲಯದ ಅಧಿಕಾರಿಯನ್ನೇ ಕರೆಸಿದಳು. ಬಂದವಳು ಮೂವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ, ಮಾತು ಮೃದು. ಆ ಮೃದು ಮಾತೇ ರಫು ಅಮ್ಮನ ಪಿತ್ತ ಕೆರಳಿಸಿತು.

"ಅಮ್ಮ, ಇದಕ್ಕೆ ದುರಸ್ತಿ ಆಗೇ ಇಲ್ಲ. ಅರಮನೆಯ ಪುಸ್ತಕಗಳನ್ನೆಲ್ಲ ನೋಡಿದ್ದೀನಿ, ಒಂದು ಸಾಲೂ ಇಲ್ಲ."

"ನಾನೇ ಬರೀಬೇಡ ಅಂದಿದ್ದೆ."

ಅಧಿಕಾರಿ ಸೊಸೆಯ ಕಡೆ ನೋಡಿದಳು. ಮನೆಯವರು ಸ್ವಲ್ಪ ಸಮಾಧಾನ ಮಾಡಿ ಎನ್ನುವ ನೋಟ. ಸೊಸೆ ಇಪ್ಪತ್ತು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ ಜನರ ಮುಖ ಓದಿದವಳು. "ನನ್ನ ಯಾಕೆ ನೋಡ್ತೀರಿ? ಅವರು ಹೇಳ್ತಿರೋದನ್ನ ಕೇಳಿ" ಎಂದಳು.

"ಹಿಂಬದಿ ತಿರುಗಿಸಿ ನೋಡಿ. ಎಳೆಯ ಕೊನೆಗಳು ಸಿಗ್ತಾವೆ. ಇವತ್ತೇ ಇಳಿಸಿ ಹಾಸಿಬಿಡಿ" ಎಂದಳು ರಫು ಅಮ್ಮ.

"ಹಾಗೆಲ್ಲ ಮುಟ್ಟೋ ಹಾಗಿಲ್ಲ ಅಮ್ಮ. ಮುಂದಿನ ತಿಂಗಳು ಸಮಿತಿ ಸಭೆ ಇದೆ. ಒಂದು ಅರ್ಜಿ ಬರೆದು ಕೊಡಿ, ಜೊತೆಗೆ ನೀವೇ ಕೆಲಸ ಮಾಡಿದ್ದಕ್ಕೆ ಏನಾದ್ರೂ ಆಧಾರ ಇದ್ರೆ ಇಡಿ."

ಆಧಾರ! ಎರಡು ವರ್ಷ ಕಣ್ಣು ಕಿತ್ತುಕೊಂಡು ಕೂತದ್ದೇ ಆಧಾರ ಉಳಿಯದಿರಲಿ ಎಂದು. ಈ ಹೆಂಗಸಿನ ಮೇಲೆ ಎಷ್ಟು ಸಿಟ್ಟಿತ್ತೋ ಅದರ ಎರಡರಷ್ಟು ಆ ಮೂವತ್ತರ ಹರೆಯದ ತನ್ನ ಮೇಲೆಯೇ ಬಂತು. ಏನು ಜಂಬ, ಏನು ಕೊಬ್ಬು! ಆ ಪಾರುಪತ್ತೇಗಾರ ಎರಡು ಸಾಲು ಬರೆದುಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಇವತ್ತು ಆ ಎರಡು ಸಾಲೇ ಈ ಪರದೆಯನ್ನು ಉಳಿಸುತ್ತಿದ್ದವು. ಮುಂದಿನ ತಿಂಗಳಂತೆ. ಮುಂದಿನ ವಾರಕ್ಕೇ ಇದು ಉಳಿಯುವುದಿಲ್ಲ.

"ಅರ್ಜಿ ಬೇಕಾ? ಕೊಡ್ತೀನಿ, ತಾಳಿ."

ಪರದೆಯ ಮುಂದೆ ಅಡ್ಡ ಕಟ್ಟಿದ್ದ ಕೆಂಪು ಹಗ್ಗವನ್ನು ಎತ್ತಿ ನುಗ್ಗಿದಳು. ಕಾವಲಿನವನು ಮುಂದೆ ಬಂದಾಗ ಸೊಸೆ ಅಡ್ಡ ನಿಂತಳು. ರಶ್ಶಿನ ಹೊತ್ತಿನಲ್ಲಿ ಬಸ್ಸಿನ ಬಾಗಿಲು ಕಾದವಳನ್ನು ದಾಟುವುದು ಅವನಿಂದ ಆಗಲಿಲ್ಲ. ಎದೆಮಟ್ಟದಲ್ಲಿತ್ತು ಜಿಂಕೆ. ಹತ್ತಿರ ಹೋದೊಡನೆ ಆಕೆಗೆ ಬಣ್ಣವೆಲ್ಲ ಕಲಸಿಹೋಯಿತು, ಏನೂ ಕಾಣಲಿಲ್ಲ. ಪರದೆಯ ಪಕ್ಕದಿಂದ ಕೈ ತೂರಿಸಿ ಹಿಂದೆ ಬೆರಳಾಡಿಸಿದಳು. ಸುಮಾರು ನಲವತ್ತು ವರ್ಷದ ಹಿಂದೆ ಬಿಟ್ಟ ಎಳೆಯ ಕೊನೆ ಬಿಟ್ಟಲ್ಲೇ ಇತ್ತು. ಹಿಡಿದು, ಹಲ್ಲು ಕಚ್ಚಿ, ಎಳೆದಳು.

ಕಾಲಿಗೆ ಒಂದೇ ಎಳೆ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಾಡಿದ್ದ ಎಳೆ ಸಾಲು ಸಾಲಾಗಿ ಬಿಚ್ಚಿಕೊಂಡು ಬಂತು. ಜಿಂಕೆಯ ಕಾಲು ಇದ್ದ ಕಡೆ ಹಿಂದಿನ ಬಿಳಿ ಗೋಡೆ ಕಂಡಿತು. ಯಾರೋ ಚೀರಿದರು.

"ಇದೇ ಆಧಾರ. ಈಗ ಇಳಿಸ್ತೀರೋ, ಇಲ್ಲ ನಿಮ್ಮ ಸಮಿತಿ ಬರಲಿ ಅಂತ ಕಾಯ್ತೀರೋ?"

ಅಧಿಕಾರಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ತೂತಿನ ಅಂಚನ್ನು ಬಗ್ಗಿ ನೋಡಿದಳು. ಇಲಿ ಕಚ್ಚಿದ ಗೀರು, ಅದರ ಸುತ್ತ ಹಿಂಜಿ ನಿಂತ ಹಳೆಯ ರೇಷ್ಮೆ. ನಾಲ್ಕು ಜನರನ್ನು ಕೂಗಿ ಕರೆದಳು. ಹತ್ತು ನಿಮಿಷದೊಳಗೆ ಪರದೆ ಗೋಡೆಯಿಂದ ಇಳಿದು ಉದ್ದದ ಮೇಜಿನ ಮೇಲೆ ಮಲಗಿತು.

"ಎರಡು ತಿಂಗಳಿಂದ ಇದರ ಮುಂದೆ ನಿಂತು ಬಂದವರಿಗೆಲ್ಲ ವಿವರಿಸ್ತಿದ್ದೆ" ಎಂದಳು ಅಧಿಕಾರಿ. "ನಂಗೆ ಗೊತ್ತೇ ಆಗ್ಲಿಲ್ಲ." ಆಮೇಲೆ ಧ್ವನಿ ತಗ್ಗಿಸಿ, "ಅಮ್ಮ, ಇದನ್ನ ಮತ್ತೆ ನೀವೇ ತುಂಬಿ ಕೊಡ್ತೀರಾ?"

"ಯಾವ ಕಣ್ಣಲ್ಲಿ? ಸೂಜಿಗೆ ದಾರ ಪೋಣಿಸೋಕೂ ಇವಳೇ ಬೇಕು ನಂಗೆ."

"ಮತ್ತೆ ಯಾಕಮ್ಮ ಬಿಚ್ಚಿದ್ರಿ?"

"ನಾನು ಬಿಚ್ಚಿದ್ನಾ? ನೀವು ಬಿಚ್ಚಿಸಿದ್ರಿ! ಬಾಯಲ್ಲಿ ಹೇಳ್ದಾಗ ಕೇಳಿದ್ರೆ ಆಗ್ತಿರಲಿಲ್ವಾ?"

ರಫು ಅಮ್ಮ ಮೇಜಿನ ಅಂಚು ಹಿಡಿದು ಬಗ್ಗಿದಳು. ಕಣ್ಣು ಕಿರಿದು ಮಾಡಿದಳು, ಅಗಲ ಮಾಡಿದಳು. ಎಲ್ಲ ಒಂದೇ ಮಸುಕು.

"ಎಷ್ಟು ಹೋಯ್ತೇ?" ಎಂದು ಸೊಸೆಯನ್ನು ಕೇಳಿದಳು.

"ಒಂದು ಕಾಲು ಪೂರ್ತಿ ಹೋಗಿದೆ ಅತ್ತೆ. ಇನ್ನೊಂದು ಹಾಗೇ ಇದೆ."

ರಫು ಅಮ್ಮನ ಕೆನ್ನೆಯ ಮೇಲೆ ನೀರಿಳಿಯಿತು. ಒರೆಸಿಕೊಳ್ಳಲಿಲ್ಲ. ಧ್ವನಿಯಲ್ಲಿ ಮಾತ್ರ ಅದೇ ಸಿಟ್ಟು.

"ಆ ಇನ್ನೊಂದೂ ನಂದೇ. ಅದನ್ನ ಯಾರೂ ಮುಟ್ಟಬಾರದು ಅಂತ ಹೇಳು ಇವ್ರಿಗೆ."